ಕಾವಲುಗಾರನ ಹಿಮ್ಮಡಿಯ ಕುಳಿ

ಆಟಿಕೆ ಅಂಗಡಿಯ ಗಾಜಿನ ಹಿಂದೆ ನನ್ನ ಹೆಂಡತಿ ಮಾಡಿದ ಗೊಂಬೆ ಕೂತಿತ್ತು. ಒಂದಲ್ಲ, ಹನ್ನೆರಡು.

ಸ್ಟೂಲಿನ ಮೇಲೆ ತೂಕಡಿಸುವ ಡೊಳ್ಳುಹೊಟ್ಟೆಯ ಕಾವಲುಗಾರ. ಹೆಬ್ಬೆರಳಿನಷ್ಟು ಎತ್ತರ. ಅವನನ್ನು ಜೇಡಿಮಣ್ಣಿನಲ್ಲಿ ತಿದ್ದಿ ತೀಡಲು ಅವಳಿಗೆ ನಾಲ್ಕು ತಿಂಗಳು ಹಿಡಿದಿತ್ತು. ಅಷ್ಟೂ ದಿನ ಊಟದ ಮೇಜು ಅವನದು. ನಾನು ಅಡುಗೆಮನೆಯಲ್ಲಿ ನಿಂತೇ ಉಂಡಿದ್ದೆ. ಆಮೇಲೆ ಅವನ ಮೇಲೆ ರಬ್ಬರ್ ಅಚ್ಚು ತೆಗೆದು, ರೆಸಿನ್ ಎಂಬ ಗಟ್ಟಿಯಾಗುವ ದ್ರವ ಪ್ಲಾಸ್ಟಿಕ್ ಹುಯ್ದು ಗೊಂಬೆ ಮಾಡಿದ್ದಳು, ಇನ್ನೂ ಯಾವ ಅಂಗಡಿಗೂ ಕೊಟ್ಟಿರಲಿಲ್ಲ.

ಅಂಗಡಿಯವನನ್ನು ಕೇಳಿದರೆ, "ಏಜೆಂಟ್ ತಂದ್ಕೊಟ್ಟ" ಎಂದ. ಯಾರೆಂದು ಬಾಯಿಬಿಡಲಿಲ್ಲ.

ಮರುದಿನ ಹತ್ತಕ್ಕೆ ಗೊಂಬೆ ಕಂಪನಿಯೊಂದು ಇದೇ ಕಾವಲುಗಾರನಿಗಾಗಿ ಒಪ್ಪಂದ ಮಾಡಿಕೊಳ್ಳಬೇಕಿತ್ತು. ವಿಷಯ ತಿಳಿಸಲು ಫೋನ್ ಮಾಡಿದಾಗ ಅಲ್ಲಿನ ಮ್ಯಾನೇಜರ್ ಹೇಳಿದ್ದು ಇಷ್ಟೇ: "ಅದು ನಿಮ್ಮದೇ ಅಂತ ಅಷ್ಟರೊಳಗೆ ತೋರಿಸಿ. ಇಲ್ಲಾಂದ್ರೆ ಮರೆತುಬಿಡಿ."

ಹೆಂಡತಿ ಮೂರು ಗೊಂಬೆ ಕೊಂಡು ಮನೆಗೆ ನಡೆದಳು.

*

ಮನೆಯಲ್ಲಿ ಅತ್ತೆ ಇದ್ದರು. ಮೂವತ್ತು ವರ್ಷ ಗಣಿತದ ಟೀಚರ್. ವಾರಕ್ಕೆಂದು ಬಂದು ತಿಂಗಳಾಗಿತ್ತು, ಅದು ಬೇರೆ ತಲೆನೋವು. ನನ್ನ ಗೆಳೆಯನೂ ಬಂದಿದ್ದ. ಅವನು ಹಲ್ಲಿನ ಸೆಟ್ ಮಾಡುವವನು. ಅತ್ತೆಯ ಸೆಟ್ಟೂ ಅವನ ಕೈಕೆಲಸವೇ.

ವಿಷಯ ಕೇಳಿ ಅವನು ತಲೆ ಮೇಲೆ ಕೈಹೊತ್ತು ಕೂತ.

"ಗೊಂಬೆಯ ರಬ್ಬರ್ ಅಚ್ಚು ಕಪಾಟಲ್ಲಿಟ್ಟು ಬೀಗ ಹಾಕಿರ್ತೀರಲ್ಲ, ಕೀಲಿ ಇನ್ಯಾರ ಹತ್ರ ಇದೆ?"

"ಟೈಲರಮ್ಮನ ಹತ್ರ," ಎಂದಳು ಹೆಂಡತಿ. ಪಕ್ಕದ ಬೀದಿಯ ಟೈಲರಮ್ಮ ಇವಳಿಂದ ಗೊಂಬೆ ಕೆಲಸ ಕಲಿಯುತ್ತಿದ್ದರು.

"ಮತ್ತಿನ್ನೇನು ಬೇಕು?"

ಹೆಂಡತಿ ಆಗಲೇ ಫೋನ್ ಮಾಡಿ ಬಾಯಿಗೆ ಬಂದದ್ದೆಲ್ಲ ಅಂದಳು. ಟೈಲರಮ್ಮ ಪೂರ್ತಿ ಕೇಳಿ, "ಕೀಲಿ ಕಳಿಸ್ತೀನಿ" ಎಂದು ಫೋನ್ ಇಟ್ಟರಂತೆ. ನನಗೆ ಕಸಿವಿಸಿಯಾಯಿತು.

*

ಅತ್ತೆ ಮೂರೂ ಗೊಂಬೆಗಳನ್ನು ಬೋರಲು ಹಾಕಿದ್ದರು.

"ಮೂರಕ್ಕೂ ಎಡಗಾಲಿನ ಹಿಮ್ಮಡೀಲಿ ಕುಳಿ ಇದೆ. ನಿನ್ನ ಗೊಂಬೇಲಿ ಇಲ್ವಲ್ಲ?"

"ಗಾಳಿಗುಳ್ಳೆ ಅಮ್ಮಾ. ಅಚ್ಚಿಗೆ ರೆಸಿನ್ ಹುಯ್ಯುವಾಗ ಗಾಳಿ ಸಿಕ್ಕಿಕೊಂಡ್ರೆ ಹಾಗಾಗುತ್ತೆ."

"ಮೂರಕ್ಕೂ ಒಂದೇ ಜಾಗದಲ್ಲಾ?"

ಹೆಂಡತಿ ಗೊಂಬೆಗಳನ್ನು ಒಂದೊಂದಾಗಿ ಎತ್ತಿ ನೋಡಿದಳು. "ಇಲ್ಲ. ಒಂದೊಂದು ಸಲ ಒಂದೊಂದು ಕಡೆ ಬರುತ್ತೆ."

"ಹಾಗಾದ್ರೆ ನಿನ್ನ ಅಚ್ಚನ್ನ ಯಾರೂ ಮುಟ್ಟಿಲ್ಲ. ಕುಳಿಬಿದ್ದ ಒಂದು ಗೊಂಬೆ ಯಾರಿಗೋ ಸಿಕ್ಕಿದೆ, ಅದರ ಮೇಲೆ ಹೊಸ ಅಚ್ಚು ತೆಗೆದಿದ್ದಾರೆ. ನನ್ನ ಕ್ಲಾಸಲ್ಲಿ ಮೂರು ಜನ ಒಂದೇ ತಪ್ಪು ಬರೆದ್ರೆ, ಮೂರೂ ಒಂದೇ ಪೇಪರಿಂದ ಬಂದಿರ್ತಿತ್ತು."

"ಅಂಥದ್ದು ಒಂದೇ ಇತ್ತು. ಮೊದಲ ಸಲ ಹುಯ್ದದ್ದು. ಒಡೆದು ಬಿಸಾಕಿ ಅಂತ ಇವ್ರಿಗೆ ಕೊಟ್ಟಿದ್ದೆ."

ಇಬ್ಬರೂ ನನ್ನತ್ತ ತಿರುಗಿದರು.

ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಒಡೆಯಲು ನನಗೆ ಮನಸ್ಸು ಬಂದಿರಲಿಲ್ಲ. ಅವನ ಮುಖ ಅಷ್ಟು ಚೆನ್ನಾಗಿತ್ತು. ಮೇಜಿನ ಮೇಲಿಟ್ಟುಕೋ ಎಂದು ಈ ಗೆಳೆಯನಿಗೇ ಕೊಟ್ಟಿದ್ದೆ.

"ಅದು ಆಗಲೇ ಕಳೆದುಹೋಯ್ತು ಮಾರಾಯ," ಎನ್ನುತ್ತ ಅವನು ಎದ್ದ.

"ಕೂತ್ಕೊಳಪ್ಪಾ."

ಅತ್ತೆ ಬ್ಲೇಡಿನಿಂದ ಗೊಂಬೆಯ ಬಣ್ಣ ಕೆರೆದರು. ಒಳಗೆ ಗುಲಾಬಿ. ನನ್ನ ಹೆಂಡತಿ ಹುಯ್ಯುವ ರೆಸಿನ್ ಬಿಳಿ. ಅತ್ತೆ ಬಾಯಿಗೆ ಕೈಹಾಕಿ, ತಮ್ಮ ಹಲ್ಲಿನ ಸೆಟ್ ತೆಗೆದು ಗೊಂಬೆಯ ಪಕ್ಕ ಇಟ್ಟರು. ಅದರ ಒಸಡೂ ಅದೇ ಗುಲಾಬಿ.

"ಅಚ್ಚು ತೆಗೆಯೋದು, ಹುಯ್ಯೋದು ನಿನ್ನ ದಿನದ ಕೆಲಸ. ಸಾಮಾನಾದ್ರೂ ಬದಲಾಯಿಸ್ಬಾರ್ದಿತ್ತಾ?" ಎಂದು ಬೊಚ್ಚುಬಾಯಲ್ಲೇ ಕೇಳಿದರು.

ಯಾರಿಗೂ ನಗು ಬರಲಿಲ್ಲ.

"ಬಿಸಾಕೋ ಗೊಂಬೆ ತಾನೇ ಅಂದ್ಕೊಂಡೆ," ಎಂದ ಗೆಳೆಯ.

*

ಅವನಿಂದ ತಪ್ಪೊಪ್ಪಿಗೆ ಬರೆಸಿಕೊಂಡೆವು. ಹತ್ತಕ್ಕೆ ಮ್ಯಾನೇಜರ್ ಗೊಂಬೆಗಳ ಹಿಮ್ಮಡಿ ತಿರುಗಿಸಿ ನೋಡಿ ಸಹಿ ಹಾಕಿದರು.

ಅಲ್ಲಿಂದ ನೇರ ಟೈಲರಮ್ಮನ ಮನೆಗೆ ಹೋದೆವು. ಹೆಂಡತಿ ಕೈಮುಗಿದು, ಅವರು ಕಳಿಸಿದ್ದ ಕೀಲಿಯನ್ನು ಮುಂದೆ ಹಿಡಿದಳು. ಅವರು ಹೊಲಿಗೆ ಮಿಷನ್ ನಿಲ್ಲಿಸಲಿಲ್ಲ.

"ಬೈಯೋಕೆ ಮುಂಚೆ ಒಂದು ಮಾತು ಕೇಳ್ಬಹುದಿತ್ತು," ಎಂದರು.

ಆ ಕೀಲಿ ಈಗಲೂ ನಮ್ಮ ಮನೆಯ ಮೊಳೆಯಲ್ಲೇ ನೇತಾಡುತ್ತಿದೆ. ಕೆಟ್ಟ ಗೊಂಬೆಗಳನ್ನು ಹೆಂಡತಿ ನನ್ನ ಕೈಗೆ ಕೊಡುವುದಿಲ್ಲ. ನನ್ನನ್ನು ಎದುರಿಗೆ ಕೂರಿಸಿಕೊಂಡು, ತಾನೇ ಸುತ್ತಿಗೆ ಎತ್ತುತ್ತಾಳೆ.