ಬಾಗಿಲಿನಾಚೆಯ ಮೂರು ಉತ್ತರಗಳು

ಕೈ ಮುಂದೆ ಚಾಚಿ ನಿಂತವನನ್ನು ನೋಡಿ ಸೆಂಗ್ಮಣಿ ಗಾಯವಾಗಿದೆಯೆಂದುಕೊಂಡಳು. ಮಗ್ಗ ಬಿಟ್ಟು ಎದ್ದು, ದೀಪವನ್ನು ಹತ್ತಿರ ತಂದು, ಅವನ ಮಣಿಕಟ್ಟನ್ನು ತಿರುಗಿಸಿ ತಿರುಗಿಸಿ ನೋಡಿದಳು.

“ಎಲ್ಲಿ ಕೊಯ್ಕೊಂಡೆ?”

“ಎಲ್ಲೂ ಇಲ್ಲ.”

“ಮತ್ತೆ ಕೈ ಯಾಕೆ ಕೊಟ್ಟೆ?”

“ದಾರ ಕಟ್ಟಿಸಿಕೊಳ್ಳೋಕೆ. ನಾಳೆ ಹೊರಗೆ ಹೋಗ್ತಿದ್ದೀನಿ. ನೀನು ಇಷ್ಟು ಪ್ರೀತಿಯಿಂದ ಹಿಡ್ಕೊಂಡಿದ್ದಕ್ಕೆ ಬಿಡಿಸಿಕೊಳ್ಳೋ ಮನಸ್ಸಾಗಲಿಲ್ಲ.”

ಅವಳು ಕೆಂಡ ಮುಟ್ಟಿದವಳಂತೆ ಕೈಬಿಟ್ಟಳು. ಪಕ್ಕದಲ್ಲಿ ಹಳೆಯ ಅಂಗಿಯೊಂದನ್ನು ಬಿಚ್ಚಿ ನೂಲು ಸುತ್ತುತ್ತಿದ್ದ ಪೇಂಗ್ ಅಜ್ಜಿ ಬೊಚ್ಚುಬಾಯಲ್ಲಿ ನಕ್ಕಳು.

ಅವನ ಹೆಸರು ಉದೋನ್. ಗುಹೆಯಿಂದ ಹೊರಗೆ ಹೋಗಿ ಉಪ್ಪು, ಔಷಧಿ, ಸೂಜಿ, ಸಿಕ್ಕಿದ್ದನ್ನು ಹುಡುಕಿ ತರುವ ನಾಲ್ವರಲ್ಲಿ ಒಬ್ಬ. ಅಲ್ಲಿಯವರೆಗೆ ಅವನಿಗೆ ದಾರ ಕಟ್ಟುತ್ತಿದ್ದವಳು ಅವನ ತಾಯಿ. ತಾಯಿ ತೀರಿಕೊಂಡು ತಿಂಗಳಾಗಿತ್ತು.

“ನಿನಗೆ ಬೇರೆ ಯಾರೂ ಇಲ್ವಾ?” ಎಂದು ಕೇಳಿದವಳಿಗೆ, ಕೇಳಬಾರದಿತ್ತು ಎಂದು ತಕ್ಷಣವೇ ಅನ್ನಿಸಿತು.

“ಇಲ್ಲ,” ಎಂದ ಉದೋನ್. “ನಿನ್ನ ಹತ್ರ ದಾರ ಜಾಸ್ತಿ ಇರುತ್ತಲ್ಲ ಅಂತ ಬಂದೆ.”

ಯಾರಾದರೂ ದೂರ ಹೊರಟರೆ ಬಿಳಿ ದಾರ ಕಟ್ಟುವುದು ಅವರಲ್ಲಿ ಮೊದಲಿನಿಂದ ಇದ್ದದ್ದೇ. ಮನುಷ್ಯನ ಮೈಯೊಳಗೆ ಮೂವತ್ತೆರಡು ಜೀವಗಳಿರುತ್ತವೆ, ದಾರಿಯಲ್ಲಿ ಒಂದೂ ಚದುರಿ ಹೋಗದಿರಲಿ ಎಂದು. ಆಕಾಶ ಬೂದಿಯಾದ ಮೇಲೆ, ಹುವಾಫಾನ್ ಬೆಟ್ಟಗಳ ಈ ಗುಹೆಗೆ ಬಂದು ಸೇರಿದ ಮೇಲೆ, ಆ ಪದ್ಧತಿಗೆ ಇನ್ನೊಂದು ಕೊಂಡಿ ಬೆಸೆದುಕೊಂಡಿತು. ದಾರ ಕಟ್ಟಿದವರು ಮನಸ್ಸಿನಲ್ಲಿ ಒಂದು ಪ್ರಶ್ನೆ ಇಟ್ಟುಕೊಳ್ಳಬೇಕು. ಹೋದವನು ಮರಳಿ ಬಂದಾಗ ಕಬ್ಬಿಣದ ಬಾಗಿಲಿನ ಈಚೆ ನಿಂತು ಕೇಳಬೇಕು. ಉತ್ತರ ಅವರಿಬ್ಬರಿಗೆ ಮಾತ್ರ ಗೊತ್ತಿರಬೇಕು. ಮೂರು ಅವಕಾಶ. ಮೂರೂ ತಪ್ಪಿದರೆ ಬಾಗಿಲು ತೆರೆಯುವುದಿಲ್ಲ.

ಏಕೆಂದರೆ ಯುದ್ಧದಲ್ಲಿ ಯಾರೋ ಯಾರ ಮೇಲೋ ಸುರಿದ ಬಿಳಿ ಬೂಷ್ಟು ಇನ್ನೂ ಹೊರಗೆ ಗಾಳಿಯಲ್ಲಿತ್ತು. ಅದು ಉಸಿರಿನಲ್ಲಿ ಹೊಕ್ಕು ಮೊದಲು ನೆನಪನ್ನು ತಿನ್ನುತ್ತದೆ. ಹತ್ತಿರದ ನೆನಪು ಮೊದಲು, ದೂರದ್ದು ಕೊನೆಗೆ. ಆಮೇಲೆ ಖಾಲಿಯಾದ ಮೈ ಎದ್ದು, ಮನುಷ್ಯರ ಬಿಸಿ ಇದ್ದಲ್ಲಿಗೆ ನಡೆದು ಬಂದು, ಅವರ ನಡುವೆ ಕೂತು, ಸುಮ್ಮನೆ ಉಸಿರು ಬಿಡುತ್ತಿರುತ್ತದೆ. ಉಳಿದವರಿಗೂ ಬೂಷ್ಟು ಹೊಗಲು ಅಷ್ಟೇ ಸಾಕು. ಕೆಳಗಿನ ಗುಹೆಯಲ್ಲಿ ಒಬ್ಬ ತಾಯಿ, ಮಗನ ತಪ್ಪು ಉತ್ತರಕ್ಕೆ “ಸರಿ” ಎಂದು ಬಾಗಿಲು ತೆರೆಸಿದ್ದಳು. ಆ ಕಡೆಗೆ ಹೋಗುವ ಸುರಂಗಕ್ಕೆ ಈಗ ಗೋಡೆ ಕಟ್ಟಿದ್ದಾರೆ. ಕಿವಿಯಿಟ್ಟರೆ ಒಳಗೆ ಉಗುರು ಕೆರೆಯುವ ಸದ್ದು ಇವತ್ತಿಗೂ ಕೇಳುತ್ತದೆ. ಯಾರೂ ಕಿವಿಯಿಡುವುದಿಲ್ಲ.

ಸೆಂಗ್ಮಣಿ ದಾರ ಕಟ್ಟಿದಳು. ಗಂಟು ಬಿಗಿಯುವಾಗ ದಾರ ಎರಡು ಸಲ ಅವಳ ಬೆರಳಿನಿಂದ ಜಾರಿದ್ದು ಅವನಿಗೆ ಕಂಡಿತು. ಕಂಡರೂ ಅವನು ದೀಪದ ಕಡೆ ನೋಡಿದ. ಆ ಒಂದು ಸೌಜನ್ಯಕ್ಕೇ ಅವಳಿಗೆ ಅವನು ಇಷ್ಟವಾಗಿಬಿಟ್ಟ.

ಐದನೆಯ ದಿನ ಅವನು ಬಂದ. ಬಾಗಿಲಿನಲ್ಲಿ ಒಂದು ಬಿದಿರಿನ ಕೊಳವೆ ಕೂರಿಸಿ, ಇದ್ದಿಲು ತುಂಬಿ, ಎರಡೂ ತುದಿಗೆ ಚರ್ಮ ಬಿಗಿದಿದ್ದರು. ಮಾತು ಮಾತ್ರ ದಾಟುತ್ತಿತ್ತು. ಸೆಂಗ್ಮಣಿ ಅದಕ್ಕೆ ಬಾಯಿಟ್ಟು ಕೇಳಿದಳು.

“ನನ್ನ ಪಕ್ಕ ಕೂತಿದ್ದ ಅಜ್ಜಿಗೆ ಎಷ್ಟು ಹಲ್ಲು?”

“ಒಂದೂ ಇಲ್ಲ. ಅಲ್ಲ ಕಣೆ, ಇದನ್ನ ಎಲ್ಲರ ಮುಂದೆ ಕೂಗಿ ಹೇಳಿಸ್ತೀಯಾ?”

“ಹಿಂದೆ ಒಂದಿದೆ,” ಎಂದಳು ಪೇಂಗ್ ಅಜ್ಜಿ ಕೋಪದಿಂದ. “ತಪ್ಪು ಉತ್ತರ. ಹೊರಗೇ ಇರಲಿ ಬಿಡಿ.”

ಗುಹೆಯ ಯಜಮಾನ ಥಾವೋನ್ ಕೂಡ ಅಂದು ನಕ್ಕಿದ್ದ. ಗುಹೆ ಸೇರಿದ ಹನ್ನೊಂದು ವರ್ಷದಲ್ಲಿ ಆ ಬಾಗಿಲಿನ ಮುಂದೆ ಯಾರೂ ನಕ್ಕಿರಲಿಲ್ಲ.

ಅಲ್ಲಿಂದ ಎರಡು ವರ್ಷ ಅವರ ಪ್ರೇಮ ನಡೆದದ್ದೆಲ್ಲ ಹೀಗೇ, ಅಂಗೈ ದಪ್ಪದ ಕಬ್ಬಿಣದ ಮೂಲಕ. ಉದೋನ್ ಬಂದನೆಂದರೆ ಜನ ಕೆಲಸ ಬಿಟ್ಟು ಬಾಗಿಲ ಬಳಿ ಸೇರುತ್ತಿದ್ದರು.

“ಹೊರಡುವಾಗ ನನ್ನ ಅಣಬೆ ಸಾರು ಕುಡಿದು ಏನಂದೆ?”

“ಸುಣ್ಣದ ನೀರಿಗಿಂತ ಚೆನ್ನಾಗಿದೆ ಅಂದೆ. ಮಾತು ವಾಪಸ್ ತಗೊಂಡೆ, ಬಾಗಿಲು ತೆಗೆಸು ತಾಯಿ.”

“ಯಾವ ಮಾತು? ಚೆನ್ನಾಗಿದೆ ಅಂದದ್ದಾ?”

“ಅಯ್ಯೋ, ಬೂಷ್ಟೇ ವಾಸಿ ಇವಳಿಗಿಂತ.”

ಒಳಗೆ ಬಂದವನು ಏಳು ದಿನ ಪಕ್ಕದ ಕಿರುಗುಹೆಯಲ್ಲಿ ಒಬ್ಬನೇ ಇರಬೇಕಿತ್ತು. ತಂದದ್ದೆಲ್ಲ ಏಳು ದಿನ ಬಾಗಿಲಿನಾಚೆ, ಸುಣ್ಣದ ಪುಡಿ ತುಂಬಿದ ಹೊಂಡದಲ್ಲಿ ಹೂತಿರಬೇಕಿತ್ತು. ಆಮೇಲೆ ಅವನು ಮಗ್ಗದ ಬಳಿ ಬಂದು ಜೇಬಿನಿಂದ ಏನಾದರೂ ತೆಗೆದಿಡುತ್ತಿದ್ದ. ಒಮ್ಮೆ ಎರಡು ಸೂಜಿ. ಒಮ್ಮೆ ಅಜ್ಜಿಗೆಂದು ಒಂದು ಕನ್ನಡಕ. ಕೊಟ್ಟಾದ ಮೇಲೆ ಸೆಂಗ್ಮಣಿಯ ಮುಖವನ್ನೇ ನೋಡುತ್ತ ನಿಲ್ಲುತ್ತಿದ್ದ. ಅವಳು ತಲೆಯೆತ್ತಿದರೆ ಮಗ್ಗದ ಹಲಗೆ ನೋಡುವವನಂತೆ ನಟಿಸುತ್ತಿದ್ದ.

“ಹಲಗೆ ಮುರಿದಿದೆಯಾ?” ಎನ್ನುತ್ತಿದ್ದಳು ಅವಳು.

“ಇಲ್ಲ, ಚೆನ್ನಾಗಿದೆ. ಸ್ವಲ್ಪ ಸಿಡುಕು ಜಾಸ್ತಿ.”

ಈ ಸಲ ಉಪ್ಪು ತಳ ಕಂಡಿತ್ತು. ದೂರದ ಉಪ್ಪಿನ ಬಾವಿಯವರೆಗೆ ಹೋಗಬೇಕಿತ್ತು, ಒಬ್ಬನೇ. ಉಳಿದ ಮೂವರಲ್ಲಿ ಇಬ್ಬರು ಜ್ವರದಲ್ಲಿದ್ದರು, ಒಬ್ಬ ಮರಳಿರಲಿಲ್ಲ. ಸೆಂಗ್ಮಣಿ ದಾರದ ಮೂರನೆಯ ಸುತ್ತು ಸುತ್ತುತ್ತಿದ್ದಾಗ ಉದೋನ್ ತೀರ ಮೆಲ್ಲಗೆ ಕೇಳಿದ.

“ನನ್ನ ಮದುವೆ ಆಗ್ತೀಯಾ?”

ಅವಳು ಗಂಟು ಹಾಕಿದಳು. ಇನ್ನೊಂದು ಹಾಕಿದಳು. ಬೇಕಿಲ್ಲದ ಮೂರನೆಯದನ್ನೂ ಹಾಕಿದಳು.

“ಈಗ ಹೇಳಲ್ಲ. ಹೊರಡುವಾಗ ಏನು ಕೇಳಿದೆ ಅಂತ ಬಾಗಿಲಲ್ಲಿ ಕೇಳ್ತೀನಿ. ಎಲ್ಲರಿಗೂ ಕೇಳೋ ಹಾಗೆ ಹೇಳು. ಆಮೇಲೆ ನನ್ನ ಉತ್ತರ.”

“ಎಲ್ಲರ ಮುಂದಾ? ನನಗೆ ನಾಚಿಕೆ ಆಗುತ್ತೆ ಮಾರಾಯ್ತಿ.”

“ಆಗಲಿ. ನೋಡೋಕೆ ಚೆನ್ನಾಗಿರುತ್ತೆ.”

ಅವನು ಹೋದ ಮೇಲೆ, ಯಾವ ಪ್ರಶ್ನೆ ಇಟ್ಟಳೆಂದು ಅವಳ ಮುಖ ನೋಡಿಯೇ ಊಹಿಸಿದ ಅಜ್ಜಿ ನೂಲು ಸುತ್ತುವುದನ್ನು ನಿಲ್ಲಿಸಿದಳು. “ಮುಗಿದುಹೋದದ್ದನ್ನ ಪ್ರಶ್ನೆಯಾಗಿ ಇಡಬೇಕು ಮಗಾ. ಇನ್ನೂ ಆಗಬೇಕಾದದ್ದನ್ನ ಇಡಬಾರದು. ಮುಗಿದದ್ದನ್ನ ಯಾರೂ ಬದಲಾಯಿಸೋಕಾಗಲ್ಲ.”

“ಒಂದು ಸಲ ಅಜ್ಜಿ,” ಎಂದಳು ಸೆಂಗ್ಮಣಿ. ಅವಳಿಗೆ ಮೂವತ್ತೊಂದು ವರ್ಷ. ಅವಳೂ ತನಗಾಗಿ ಒಂದು ಚಂದದ ಗಳಿಗೆ ಆಸೆಪಟ್ಟಿದ್ದಳು, ಅಷ್ಟೇ.

ಒಂಬತ್ತನೆಯ ದಿನ ಬೆಳಗಿನ ಗಂಟೆ ಬಾರಿಸಿ ಸ್ವಲ್ಪ ಹೊತ್ತಾಗಿತ್ತು. ಅಜ್ಜಂದಿರ ಕಾಲದ ಯುದ್ಧದ ಬಾಂಬಿನ ಚಿಪ್ಪೇ ಅವರಿಗೆ ಗಂಟೆ. ಸೂರ್ಯನಿಲ್ಲದಲ್ಲಿ ಹಗಲು ಎಂದು ಹೇಳುವುದಕ್ಕೆ ಅದೊಂದೇ ಇತ್ತು. ಬಾಗಿಲು ಬಡಿಯುವ ಸದ್ದು ಕೇಳಿ ಸೆಂಗ್ಮಣಿ ಕೂದಲು ಸರಿಮಾಡಿಕೊಂಡು ಬಂದಳು. ಜನ ಆಗಲೇ ಸೇರಿದ್ದರು. ಯಾರೋ ಎಳೆಗೂಸನ್ನೂ ಎತ್ತಿಕೊಂಡು ಬಂದಿದ್ದರು.

“ಉದೋನ್, ಹೊರಡುವಾಗ ನನ್ನನ್ನ ಏನು ಕೇಳಿದೆ?”

ಆಚೆ ಮೌನ. ಸೋಂಕು ತಗುಲಿದವರು ಹೀಗೇ ಸುಮ್ಮನಿರುತ್ತಾರೆ, ಇಲ್ಲವೆ ಕೇಳಿದ ಪ್ರಶ್ನೆಯನ್ನೇ ತಿರುಗಿ ಹೇಳುತ್ತಾರೆ. ಅವಳು ಕೊಳವೆಗೆ ಕಿವಿ ಒತ್ತಿದಳು. ಅಷ್ಟರಲ್ಲಿ ಧ್ವನಿ ಬಂತು.

“ಇನ್ನೊಂದು ಬಟ್ಟಲು ಸಾರು ಕೇಳಿದೆ.”

ಜನ ನಕ್ಕರು. ಸೆಂಗ್ಮಣಿಯೂ ನಗಲು ಹೋದಳು.

“ಆಟ ಸಾಕು. ಸರಿಯಾಗಿ ಹೇಳು.”

“ಅಜ್ಜಿಯ ಕನ್ನಡಕ ಸರಿಯಾಗಿದೆಯಾ ಅಂತ ಕೇಳಿದೆ.”

ಈ ಸಲ ಯಾರೂ ನಗಲಿಲ್ಲ. ಬೂಷ್ಟು ನೆನಪನ್ನು ತಿಂದು ಮುಗಿಸಿದವರಿಗೆ ಸುಳ್ಳು ಹೇಳಲು ಬರುವುದಿಲ್ಲ. ಸುಳ್ಳು ಹೇಳಬೇಕಾದರೆ ನಿಜ ನೆನಪಿರಬೇಕು. ಆಚೆ ನಿಂತವನಿಗೆ ಎಲ್ಲ ನೆನಪಿತ್ತು. ಹಾಗಿದ್ದೂ ತಪ್ಪು ಹೇಳುತ್ತಿದ್ದ. ಬೂಷ್ಟು ತನ್ನೊಳಗೂ ಹೊಕ್ಕಿದೆ, ತೆರೆಯಬೇಡಿ ಎಂಬ ಅದರ ಅರ್ಥ ತಿಳಿಯದವರು ಅಲ್ಲಿ ಯಾರೂ ಇರಲಿಲ್ಲ.

“ಕೊನೇ ಸಲ,” ಎಂದ ಥಾವೋನ್.

ಸೆಂಗ್ಮಣಿ ಕೊಳವೆಗೆ ಹಣೆಯಿಟ್ಟಳು. “ಉದೋನ್. ಏನು ಕೇಳಿದೆ?”

“ಏನೂ ಕೇಳಲಿಲ್ಲ,” ಎಂದ ಅವನು. ಧ್ವನಿ ಸ್ಪಷ್ಟವಾಗಿತ್ತು. “ಕೇಳಬೇಕು ಅಂತಿದ್ದೆ. ಕೇಳದೇ ಇದ್ದದ್ದು ಒಳ್ಳೆಯದಾಯ್ತು.”

ಥಾವೋನ್ ಅವಳ ಕಡೆ ತಿರುಗಿದ. ಅಗುಳಿಯ ಮೇಲೆ ಅವನ ಕೈಯಿತ್ತು. “ಉತ್ತರ ನಿನಗೊಬ್ಬಳಿಗೇ ಗೊತ್ತಮ್ಮ. ಸರಿಯೋ ತಪ್ಪೋ?”

ಒಂದು ಮಾತು. ಸರಿ ಎಂದರೆ ಥಾವೋನ್ ತೆರೆಯಲೇಬೇಕಿತ್ತು; ಪದ್ಧತಿ ಹಾಗಿತ್ತು. ಅವಳು ಹಿಂದಿರುಗಿ ನೋಡಿದಳು. ಯಾರೂ ಅವಳನ್ನು ಬೇಡಿಕೊಳ್ಳಲಿಲ್ಲ. ಕೂಸನ್ನೆತ್ತಿದ್ದ ಹೆಂಗಸು ನೆಲ ನೋಡುತ್ತ ನಿಂತಿದ್ದಳು. ಸೆಂಗ್ಮಣಿಯ ಮೇಲೆ ತನ್ನ ನೋಟದ ಭಾರವೂ ಬೀಳದಿರಲಿ ಎನ್ನುವಂತೆ.

“ತಪ್ಪು,” ಎಂದಳು ಸೆಂಗ್ಮಣಿ.

ಆಚೆ ಯಾರೋ ಹೊರೆ ಇಳಿಸಿದಂತೆ ಒಂದು ನಿಟ್ಟುಸಿರು ಕೇಳಿತು. “ಉಪ್ಪು ಸುಣ್ಣದ ಹೊಂಡದಲ್ಲಿ ಹಾಕಿದ್ದೀನಿ,” ಎಂದ ಉದೋನ್. “ಏಳು ದಿನ ಬೇಡ, ಹದಿನೈದು ದಿನ ಬಿಟ್ಟು ತಗೊಳ್ಳಿ.”

ತಪ್ಪು ಉತ್ತರದ ನಂತರ ಬಾಗಿಲ ಬಳಿ ಯಾರೂ ನಿಲ್ಲಬಾರದು. ಥಾವೋನ್ ಸೆಂಗ್ಮಣಿಯೊಬ್ಬಳನ್ನು ಬಿಟ್ಟು ಎಲ್ಲರನ್ನೂ ಕಳಿಸಿದ. ತಾನೂ ಹೋದ. ಸ್ವಲ್ಪ ಹೊತ್ತಿನಲ್ಲಿ ಒಂದು ಕಂಬಳಿ ತಂದು ಅವಳ ಪಕ್ಕ ಇಟ್ಟ. “ನಾನು ಈ ಕಡೆ ಬಂದೇ ಇಲ್ಲ,” ಎಂದು ಗೋಡೆಗೆ ಹೇಳಿ ಹೊರಟುಹೋದ.

“ಸುಳ್ಳುಗಾರ,” ಎಂದಳು ಸೆಂಗ್ಮಣಿ ಕೊಳವೆಯಲ್ಲಿ.

“ಇನ್ನೂ ಅಲ್ಲೇ ಇದ್ದೀಯಾ? ಯಾವಾಗ ಗೊತ್ತಾಯ್ತು?”

“ಮೊದಲ ಉತ್ತರಕ್ಕೇ. ನನ್ನ ಸಾರು ನೀನು ಎರಡನೇ ಸಲ ಕೇಳೋದುಂಟಾ?”

ಅವನು ನಕ್ಕ. ಆಮೇಲೆ ಕೆಮ್ಮಿದ. ಗಾಳಿ ಸೋಸುವ ಮುಖವಾಡದ ಪಟ್ಟಿ ದಾರಿಯಲ್ಲಿ ಹರಿದದ್ದನ್ನು ಹೇಳಿದ. ಆರನೆಯ ದಿನ ಬಾಯಲ್ಲಿ ಜೇನು ಹಾಕಿದಂತೆ ಸಿಹಿ ಬಂತು, ಬೂಷ್ಟು ಹೊಕ್ಕಿದೆಯೆಂದು ಆಗ ತಿಳಿಯಿತು ಎಂದ.

“ಮತ್ತೆ ಯಾಕೆ ಬಂದೆ ಇಲ್ಲಿವರೆಗೆ?”

“ಉಪ್ಪು ಬೇಕಿತ್ತಲ್ಲ.” ಮತ್ತೆ ಅವನೇ ಹೇಳಿದ, “ಬರದೇ ಹೋಗಿದ್ರೆ ನೀನು ಕಾಯ್ತಾ ಕೂರ್ತಿದ್ದೆ. ವರ್ಷಗಟ್ಟಲೆ. ನಿನ್ನ ಸ್ವಭಾವ ನನಗೆ ಗೊತ್ತಿಲ್ವಾ?”

ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡಳು. “ನನಗೆ ಒಪ್ಪಿಗೆ.”

“ಯಾವುದಕ್ಕೆ? ನಾನು ಏನೂ ಕೇಳಲಿಲ್ಲ ಅಂದೆನಲ್ಲ.”

“ನಿನ್ನ ಕೇಳಿ ಒಪ್ಕೋಬೇಕಾ ನಾನು?”

ಆಚೆ ಅವನು ಬಾಗಿಲಿಗೆ ಒರಗಿ ಕೂತ ಸದ್ದಾಯಿತು. ಆಮೇಲೆ, “ಸಿಡುಕಿ,” ಎಂದ. ಅಷ್ಟು ಮೆತ್ತಗಿನ ಮಾತನ್ನು ಅವಳ ಜೀವಮಾನದಲ್ಲಿ ಯಾರೂ ಆಡಿರಲಿಲ್ಲ.

ಪೇಂಗ್ ಅಜ್ಜಿ ಗೋಡೆ ಹಿಡಿದುಕೊಂಡು ಬಂದಳು. ಬೈಯಬಹುದಿತ್ತು, ಬೈಯಲಿಲ್ಲ. ಮದುಮಗಳಿಗೆ ಕಟ್ಟುವಂತೆ ಸೆಂಗ್ಮಣಿಯ ಎರಡೂ ಕೈಗೆ ದಾರ ಕಟ್ಟಿದಳು, ಒಂದೊಂದು ಗಂಟಿಗೂ ಹರಸಿದಳು. ಕೊಳವೆಯ ಬಳಿ ಬಾಗಿ, “ನಿನ್ನ ಕೈಲಿರೋ ದಾರಾನ ಮುಟ್ಟಿಕೋ ಮಗಾ, ಅದೇ ಸಾಕು,” ಎಂದಳು.

“ಮುಟ್ಟಿದೆ ಅಜ್ಜಿ,” ಎಂದಿತು ಆಚೆಯ ಧ್ವನಿ.

ಸಂಸಾರ ಮೂರು ದಿನ ನಡೆಯಿತು. ಮೊದಲ ದಿನ ಅವರು ಜಗಳವಾಡಿದರು, ಮಕ್ಕಳಿಗೆ ಹೆಸರಿಟ್ಟರು, ಆ ಹೆಸರುಗಳಿಗಾಗಿ ಮತ್ತೆ ಜಗಳವಾಡಿದರು. ಎರಡನೆಯ ದಿನ ಅವನಿಗೆ ಅವಳ ಅಣಬೆ ಸಾರು ಮರೆತಿತ್ತು. ಅವಳು ಮೊದಲಿನಿಂದ ಹೇಳಿದಳು. ಅವನು ಹೊಸ ಕಥೆ ಕೇಳುವವನಂತೆ ನಕ್ಕ. ಸಂಜೆಯ ಗಂಟೆಯ ಹೊತ್ತಿಗೆ ಗುಹೆಯೂ ಮರೆತಿತ್ತು. ಅಮ್ಮ ಹೊಲದಿಂದ ಬಂದಳಾ ಎಂದು ಕೇಳಿದ. ಬರ್ತಾಳೆ, ಎಂದಳು ಸೆಂಗ್ಮಣಿ.

ಮೂರನೆಯ ದಿನ ಬೆಳಗಿನ ಗಂಟೆಯಾದ ಮೇಲೆ ಅವಳು ಕರೆದಾಗ, ಆಚೆಯಿಂದ ಬಂದದ್ದು ಬಹಳ ಸಭ್ಯವಾದ, ಅಪರಿಚಿತನ ಧ್ವನಿ.

“ಯಾರಮ್ಮ ಅದು?”

ಅವಳು ಕೈಯ ದಾರವನ್ನು ಮುಟ್ಟಿಕೊಂಡಳು. “ನಾನು ಸೆಂಗ್ಮಣಿ. ಇಲ್ಲಿ ಮಗ್ಗದಲ್ಲಿ ಬಟ್ಟೆ ನೇಯ್ತೀನಿ.”

“ಚೆನ್ನಾಗಿದೆ ನಿಮ್ಮ ಧ್ವನಿ. ಅತ್ತ ಹಾಗಿದೆ, ಆದರೂ ಚೆನ್ನಾಗಿದೆ.” ಸ್ವಲ್ಪ ಸಂಕೋಚದಿಂದ ಕೇಳಿದ, “ಮದುವೆ ಆಗಿದೆಯಾ ನಿಮಗೆ?”

“ಆಗಿದೆ.”

“ಓ.” ಆ ಒಂದು ಅಕ್ಷರದಲ್ಲಿ ಸಣ್ಣ ನಿರಾಸೆ ಇತ್ತು. “ಒಳ್ಳೆಯವರಾ ಅವರು?”

“ಸುಳ್ಳು ಹೇಳ್ತಾರೆ. ಅದೊಂದು ಬಿಟ್ಟರೆ ಒಳ್ಳೆಯವರು.”

“ಹಾಗಾದ್ರೆ ಅವರ ಹತ್ರ ಹೋಗಿ ಅಮ್ಮ. ಇಲ್ಲಿ ತುಂಬ ಚಳಿ. ನೀವು ಯಾಕೆ ಒಬ್ಬರೇ ಕೂತಿದ್ದೀರಿ?”

“ಹೋಗ್ತೀನಿ,” ಎಂದಳು ಸೆಂಗ್ಮಣಿ.

ಹೋಗಲಿಲ್ಲ. ಅವನಿಗೆ ಅನುಮಾನ ಬರದಿರಲೆಂದು ಉಸಿರು ಬಿಗಿಹಿಡಿದು, ಅಲ್ಲೇ ಕೂತಳು.