ಧುಮುಕಿದಾಕಿಯ ಬೆಳ್ಳಿ ಬಿಲ್ಲೆ

ಉದ್ದಪ್ಪ ಗಾಡಿಯ ಮೇಲೆ ನಿಂತು ಒಮ್ಮೆ ಕೂಗಿದನೆಂದರೆ ಹುಕ್ಕೇರಿಯಲ್ಲಿ ತೊಟ್ಟಿಲ ಕೂಸು ಎದ್ದು ಕೂಡುತ್ತಿತ್ತು, ಮೂಡಲಗಿಯಲ್ಲಿ ಎಮ್ಮೆ ಹಾಲು ಇಳಿಸುವುದನ್ನೇ ಮರೆಯುತ್ತಿತ್ತು. ಎರಡನೆಯ ಮಹಾಯುದ್ಧ ಮುಗಿದ ಮರುವರ್ಷದ ಮಾತಿದು. ಗೋಕಾಕದ ಟೂರಿಂಗ್ ಟಾಕೀಜಿನ ಎತ್ತಿನ ಗಾಡಿಗೆ ಪಿಕ್ಚರಿನ ದೊಡ್ಡ ಚಿತ್ರಗಳನ್ನು ಕಟ್ಟಿಕೊಂಡು, ಹಲಗೆ ಬಾರಿಸುತ್ತ, ಊರೂರಿಗೆ ಕಥೆ ಸಾರುವುದು ಅವನ ಕೆಲಸ. ಪಿಕ್ಚರಿನಲ್ಲಿ ಒಂದು ಹುಲಿಯಿದ್ದರೆ ಅವನ ಬಾಯಲ್ಲಿ ಅದು ಏಳು ಹುಲಿಯಾಗುತ್ತಿತ್ತು, ಅದರಲ್ಲೊಂದು ಬಸುರಿಯೂ ಇರುತ್ತಿತ್ತು.

ಇಂಥ ಬಾಯಿಯನ್ನು ಕಟ್ಟಿಹಾಕಿದ್ದು ಒಂದು ಹೆಣ್ಣುದನಿ.

ಟೆಂಟಿನಲ್ಲಿ ಗಂಡಸರು ಎಡಕ್ಕೆ, ಹೆಂಗಸರು ಬಲಕ್ಕೆ. ನಡುವೆ ಉದ್ದಕ್ಕೂ ಒಂದು ಕರಿ ಪರದೆ. ಬೆಳಕಿರುವತನಕ ಪರದೆ ಗೋಡೆಯಂತೆ ಮೇಲೆದ್ದು ನಿಂತಿರಬೇಕು. ದೀಪ ಆರಿ ಪಿಕ್ಚರ್ ಸುರುವಾದ ಮೇಲೆ ಹಗ್ಗ ಬಿಟ್ಟು ಅದನ್ನು ನೆಲಕ್ಕಿಳಿಸಬೇಕು. ಇಂಟರ್‌ವಲ್ಲಿಗೆ ಮತ್ತೆ ಎಳೆಯಬೇಕು. ಆ ಹಗ್ಗವೂ ಉದ್ದಪ್ಪನ ಕೈಯಲ್ಲೇ.

ಅವತ್ತು ಹಗ್ಗ ಬಿಟ್ಟಿದ್ದ. ಎದುರಿನ ಬಿಳಿ ಬಟ್ಟೆಯ ಮೇಲೆ ಹೀರೋ ಇನ್ನೂ ಕುದುರೆಯಿಂದ ಇಳಿದಿರಲಿಲ್ಲ. ಬಾಜೂದ ಹೆಂಗಸರ ಕಡೆಯಿಂದ ಒಂದು ದನಿ ಬಂತು.

“ಅತ್ತಿ, ಇಂವಾ ಸಾಯತಾನ.”

“ಸುಮ್ಮ ಕೂಡ್ರಿ ಬಾಯಾರ,” ಉದ್ದಪ್ಪ ಪಿಸುಗುಟ್ಟಿದ. “ಹೀರೋ ಸಾಯಾಂಗಿಲ್ಲ. ಊರೂರಾಗ ಸಾರಿ ಬಂದೇನಿ.”

“ನೀವು ಸಾರಿದ್ರ ಸಾವು ನಿಲ್ತೈತೇನ್ರಿ?”

ಹೀರೋ ಸತ್ತ. ಚಿತೆಗೆ ಬೆಂಕಿಯಿಟ್ಟರು. ಬಿಳಿ ಬಟ್ಟೆ ಧಗ್ಗನೆ ಬೆಳಗಿತು. ಆ ಚಿತೆಯ ಬೆಳಕಿನಲ್ಲೇ ಉದ್ದಪ್ಪ ಅವಳ ಮುಖವನ್ನು ಮೊದಲು ನೋಡಿದ. ನೋಡಬಾರದ ಬೆಳಕಿನಲ್ಲಿ ನೋಡಿಬಿಟ್ಟೆ ಎಂದು ಮೈ ಜುಮ್ಮೆಂದಿತು. ಆದರೂ ಕಣ್ಣು ಕೀಳಲಿಲ್ಲ.

ಅವಳು ಸುಂದರಾಬಾಯಿ. ಹುಕ್ಕೇರಿಯ ಶೇಂಗಾ ವ್ಯಾಪಾರಿ ತವನಪ್ಪನವರ ಮಗಳು. ಗೋಕಾಕದಲ್ಲಿ ಸೋದರತ್ತೆ ಕಮಲಾಬಾಯಿಯ ಮನೆಯಲ್ಲಿದ್ದಳು. ಅತ್ತೆ ಪಿಕ್ಚರಿನ ಹೆಸರು ಮೂಡುವಷ್ಟರಲ್ಲಿ ನಿದ್ದೆ ಹೋಗುವ ಪುಣ್ಯಾತ್ಮಳು. ಸುಂದರಾಬಾಯಿ ಮಾತ್ರ ಮೊದಲ ಹಾಡಿಗೇ ಯಾರು ಸಾಯುತ್ತಾರೆಂದು ಹೇಳಿಬಿಡುತ್ತಿದ್ದಳು. ಒಮ್ಮೆಯೂ ತಪ್ಪಿದ್ದಿಲ್ಲ. ಅವಳು ಬಾಯಿ ತೆರೆದರೆ ಪಕ್ಕದ ಹೆಂಗಸರು ತಮ್ಮ ತಾಳಿ ಮುಟ್ಟಿಕೊಳ್ಳುತ್ತಿದ್ದರು.

ಅವರ ಪ್ರೀತಿ ಪಿಕ್ಚರಿನ ಬೆಳಕಿನಲ್ಲೇ ಬೆಳೆಯಿತು. ಬೆಳದಿಂಗಳ ಹಾಡು ಬಂದರೆ ಅವಳ ಮೂಗಿನ ನತ್ತು ಕಾಣುತ್ತಿತ್ತು. ಕಾಡು ಬಂದರೆ ಬರೀ ಬಳೆಯ ಸದ್ದು. ಅರಮನೆಯ ದೃಶ್ಯದಲ್ಲಿ ಅವಳು ಓರೆಗಣ್ಣಿನಿಂದ ಒಮ್ಮೆ ನಕ್ಕದ್ದಕ್ಕೆ ಉದ್ದಪ್ಪ ಇಂಟರ್‌ವಲ್ಲಿಗೆ ಹಗ್ಗ ಎಳೆಯುವುದನ್ನೇ ಮರೆತ. ಊರಿನ ಗಂಡಸರೆಲ್ಲ ಬೇರೆಯವರ ಹೆಂಡಂದಿರನ್ನು ನೋಡಿ ದೊಡ್ಡ ಗದ್ದಲವಾಯಿತು.

ಮಳೆಗಾಲಕ್ಕೆ ಟೆಂಟು ಬಿಚ್ಚುವ ಮೊದಲು ಮಾಲೀಕ ದಾದಾಸಾಹೇಬ ಒಂದು ಹೊಸ ಸಂಗತಿ ಸಾರಿಸಿದ. ಈ ಸೀಜನ್ನಿನ ಪಿಕ್ಚರುಗಳಿಗೆ ಮಂದಿಯೇ ಆರಿಸಿ ಬೆಳ್ಳಿ ಬಿಲ್ಲೆಯ ಬಹುಮಾನ ಕೊಡಬೇಕು. ಕುದುರೆಗೊಂದು, ಖಳನಾಯಕನಿಗೊಂದು, ಹಾಡಿಗೊಂದು, ಎಲ್ಲಕ್ಕಿಂತ ದೊಡ್ಡದು ಪಿಕ್ಚರಿಗೆ. ಟೆಂಟಿನ ಬಾಗಿಲಲ್ಲಿ ಗಡಿಗೆ ಇಡುತ್ತಾರೆ. ಮೆಚ್ಚಿದ್ದರ ಗಡಿಗೆಗೆ ಹರಿದ ಟಿಕೀಟು ಹಾಕಬೇಕು.

ಪೈಪೋಟಿ ಇದ್ದದ್ದು ಎರಡೇ ಪಿಕ್ಚರುಗಳ ನಡುವೆ. ಒಂದಕ್ಕೆ ಮಂದಿ ಲಗ್ನದ ಪಿಕ್ಚರ್ ಅನ್ನುತ್ತಿದ್ದರು. ಜಾತಿ ಬಿಟ್ಟು ಪ್ರೀತಿಸಿದ ಇಬ್ಬರು ಕಡೆಗೆ ಒಂದಾಗುವ ಕಥೆ. ಇನ್ನೊಂದು ಧುಮುಕಿದಾಕಿ ಪಿಕ್ಚರ್. ಅಂಥದೇ ಹುಡುಗಿ, ಕಡೆಗೆ ಫಾಲ್ಸಿಗೆ ಹಾರುತ್ತಾಳೆ. ಈ ಎರಡನೆಯದು ಬಂದ ಹೊಸದರಲ್ಲಿ ನೊಣವೂ ಬರುತ್ತಿರಲಿಲ್ಲ. ಆಗ ಉದ್ದಪ್ಪ ಕಣಗಲಾ ಊರಿನ ಸಂತೆಯಲ್ಲಿ ಸುಳ್ಳೊಂದನ್ನು ತೇಲಿಬಿಟ್ಟಿದ್ದ: “ಇದು ನಮ್ಮ ಗೋಕಾಕ ಫಾಲ್ಸಿನ್ಯಾಗ ತಗದ ಪಿಕ್ಚರ್! ನಟಿ ಖರೇನ ಹಾರಿ ಖರೇನ ಸತ್ತಾಳ! ಹೆಣ ಇನ್ನೂ ಸಿಕ್ಕಿಲ್ಲ!”

ಸುಳ್ಳು ಹುಕ್ಕೇರಿ ಸುತ್ತಿತು, ಮೂಡಲಗಿ ದಾಟಿತು, ಗೋಕಾಕಕ್ಕೆ ಬರುವಷ್ಟರಲ್ಲಿ ಮೈತುಂಬಿಕೊಂಡಿತ್ತು. ಗೋಕಾಕದವರೇ ತಾವು ಕಣ್ಣಾರೆ ಕಂಡದ್ದಾಗಿ ಆಣೆ ಮಾಡತೊಡಗಿದರು. ಹೆಂಗಸರು ಫಾಲ್ಸಿನ ನೀರಿಗೆ ಹಸಿರು ಬಳೆ ಬಿಟ್ಟರು. ಸಂಜೆಯಾದ ಮೇಲೆ ಆ ಕಡೆ ಯಾರೂ ಹೋಗದಾದರು. ಉದ್ದಪ್ಪನಿಗೆ ಮೊದಲು ನಗು ಬಂತು. ಬಳೆಗಳು ಬಂಡೆಗೆ ಬಡಿದು ಚೂರಾಗಿ ದಡಕ್ಕೆ ಬಂದದ್ದನ್ನು ನೋಡಿದ ದಿನ ನಗು ನಿಂತಿತು.

“ಬಿಲ್ಲೆ ಯಾರಿಗಂತೀರಿ?” ಆ ವಾರದ ಆಟದಲ್ಲಿ ಅವಳು ಕೇಳಿದಳು.

“ಕುದುರಿ ಬಿಲ್ಲೆ ಬಿಳಿ ಕುದುರಿಗಿ. ಕೇಡಿ ಬಿಲ್ಲೆ ಗಿರಿಜಾ ಮೀಸಿಯವಗ. ಹಾಡು, ಬೆಳದಿಂಗಳದ್ದು. ದೊಡ್ಡ ಬಿಲ್ಲೆ ಲಗ್ನದ ಪಿಕ್ಚರಿಗಿ. ಇಡೀ ತಾಲೂಕಾ ನನ್ನ ಕಿಸೆದಾಗ ಐತಿ ಬಾಯಾರ!”

“ನಿಮ್ಮ ಕಿಸೆ ಹರದೈತಿ. ಕುದುರಿ ಕರೇದು. ಕೇಡಿ ಮೀಸಿ ಇಲ್ಲದಂವಾ. ಹಾಡು ತೊಟ್ಟಿಲದ್ದು. ದೊಡ್ಡ ಬಿಲ್ಲೆ…” ಬಳೆಯ ಸದ್ದು ನಿಂತಿತು. “ಸತ್ತಾಕಿಗೆ. ಸತ್ತಾಕಿ ಗೆಲ್ತಾಳ.”

“ಯಾಕ?”

“ಒಂದಾದವರನ್ನ ನೋಡಿ ಮಂದಿ ನಕ್ಕು ಮನಿಗಿ ಹೋಗತಾರ. ಸತ್ತಾಕಿನ್ನ ಹೊತ್ಕೊಂಡು ಹೋಗತಾರ.” ಬಿಳಿ ಬಟ್ಟೆಯ ಮೇಲೆ ಮಿಂಚು ಹೊಳೆಯಿತು, ಅವಳ ಕೆನ್ನೆ ಒದ್ದೆಯಾಗಿತ್ತು. “ನಮ್ಮಪ್ಪ ಕೊಲ್ಲಾಪುರದ ಕಡೆ ಗಂಡಿನ ಮನಿ ನೋಡ್ಯಾರ. ಬಿಲ್ಲೆ ಕೊಡೂ ದಿವಸ ಬಂದು ನನ್ನ ಕರಕೊಂಡು ಹೋಗತಾರ.”

ಉದ್ದಪ್ಪ ಹಗ್ಗದ ತುದಿಯನ್ನು ಮುಂಗೈಗೆ ಸುತ್ತಿಕೊಂಡ.

“ಪಂಥ ಕಟ್ಟೂಣು,” ಎಂದಳು. “ಈ ಮಂದಿ ಲಗ್ನದ ಪಿಕ್ಚರಿಗಿ ಬೆಳ್ಳಿ ಕೊಟ್ರ, ಜಾತಿ ಬ್ಯಾರೆ ಇದ್ದ ನಮಗೂ ಎಲ್ಲೋ ಒಂದೀಟ ಜಾಗ ಕೊಡತಾರಂತ ತಿಳೀತೀನಿ. ಅಪ್ಪನ ಮುಂದನ ನಿಮ್ಮ ಕಡೆ ನಡದು ಬರತೀನಿ. ಸತ್ತಾಕಿ ಗೆದ್ರ ಸುಮ್ಮ ಕೊಲ್ಲಾಪುರಕ್ಕ ಹೋಗತೀನಿ. ನೀವು ನಮ್ಮ ಮನಿ ಮುಂದ ಗಾಡಿ ನಿಲ್ಲಿಸಬಾರದು.”

“ನಿಮ್ಮ ಮಾತು ಎಂದೂ ತಪ್ಪಿಲ್ಲಲ್ರಿ!”

“ಅದಕ್ಕ ಅಂಜಿಕಿ ಬರತೈತಿ,” ಎಂದಳು. ಇಂಟರ್‌ವಲ್ ಆಯಿತು. ಅವನು ಹಗ್ಗ ಎಳೆದ.

ಬಿಲ್ಲೆಯ ದಿನ ಮಧ್ಯಾಹ್ನವೇ ಆಕಾಶ ಕೆಟ್ಟ ಹಣ್ಣಿನಂತೆ ಕಪ್ಪಾಯಿತು. ಮೇಲೆಲ್ಲೋ ಮಳೆ ಸುರಿದು ಘಟಪ್ರಭೆ ಕೆಂಪಾಗಿ ಇಳಿಯುತ್ತಿತ್ತು. ಫಾಲ್ಸಿನ ಸದ್ದು ಗೋಕಾಕದ ಪೇಟೆಯಲ್ಲಿ ಹಿತ್ತಾಳೆ ಪಾತ್ರೆಗಳನ್ನು ನಡುಗಿಸುತ್ತಿತ್ತು. ಟೆಂಟಿನೊಳಗೆ ಸೊಳ್ಳೆಗೂ ಕಾಲೂರಲು ಜಾಗವಿಲ್ಲ. ಹಗಲಾದ್ದರಿಂದ ಪರದೆ ಮೇಲೇ ಇತ್ತು. ಪರದೆಯ ಆಚೆ ಸುಂದರಾಬಾಯಿ. ಈಚೆ ಮುಂದಿನ ಸಾಲಿನಲ್ಲಿ ತವನಪ್ಪ, ಕೋಲಿನ ಮೇಲೆ ಗದ್ದವಿಟ್ಟುಕೊಂಡು. ನಡುವೆ ಹಗ್ಗ ಹಿಡಿದ ಉದ್ದಪ್ಪ.

ದಾದಾಸಾಹೇಬ ಗಡಿಗೆಗಳನ್ನು ಒಂದೊಂದಾಗಿ ಬೋರಲು ಹಾಕಿದ.

“ಕುದುರಿ ಬಿಲ್ಲೆ, ಕರೇ ಕುದುರಿಗಿ!”

ಉದ್ದಪ್ಪ ಪರದೆಯತ್ತ ತಿರುಗಿದ.

“ಕೇಡಿ ಬಿಲ್ಲೆ, ಮೀಸಿ ಇಲ್ಲದವಗ!”

ಗಾಳಿ ಟೆಂಟಿನ ಬಟ್ಟೆಗೆ ಗುದ್ದಿತು. ಗೂಟವೊಂದು ಕಿರುಗುಟ್ಟಿತು.

“ಹಾಡಿನ ಬಿಲ್ಲೆ, ತೊಟ್ಟಿಲ ಹಾಡಿಗಿ!”

ಪರದೆಯ ಆಚೆ ಬಳೆ ಒಡೆದ ಸದ್ದು. ಅದು ಯಾರ ಕೈಯದೆಂದು ಅವನಿಗೆ ಗೊತ್ತಿತ್ತು. ಕಾಡಿನ ದೃಶ್ಯಗಳಲ್ಲಿ ಅದನ್ನೇ ಕೇಳಿ ಬದುಕಿದವನು ಅವನು.

ದೊಡ್ಡ ಗಡಿಗೆಗಳು ಬಂದವು. ಲಗ್ನದ ಗಡಿಗೆಯಿಂದ ಒಂದು ಹಿಡಿ ಟಿಕೀಟು ಉದುರಿತು. ಇನ್ನೊಂದರಿಂದ ಹಿಮಾಲಯವೇ ಬಿತ್ತು.

“ದೊಡ್ಡ ಬಿಲ್ಲೆ, ಧುಮುಕಿದಾಕಿಗಿ!”

ಮಂದಿ ಚಪ್ಪಾಳೆ ತಟ್ಟಲಿಲ್ಲ. ಮೂಡಲಗಿಯ ರಾಯಪ್ಪನೆಂಬ ಮುದುಕ ಎದ್ದು ರುಮಾಲು ತೆಗೆದ. “ಪಾಪ, ಸತ್ತಾಕಿಗಿ ನಮ್ಮದೊಂದು ಕಾಣಿಕಿ,” ಎಂದ. ಸಾಲು ಸಾಲಾಗಿ ರುಮಾಲುಗಳು ಇಳಿದವು.

ಆಗ ಉದ್ದಪ್ಪನಿಗೆ ಹೊಳೆಯಿತು. ಇವರು ಪಿಕ್ಚರಿಗೆ ಬೆಳ್ಳಿ ಕೊಟ್ಟಿಲ್ಲ. ತಾನು ಕಣಗಲಾದಲ್ಲಿ ಕೊಂದ ಹೆಣ್ಣಿಗೆ ಕೊಟ್ಟಿದ್ದಾರೆ. ಆ ಹೆಣ್ಣು ಈಗ ಸುಂದರಾಬಾಯಿಯ ಕೈಹಿಡಿದು ಎಳೆಯುತ್ತಿದ್ದಾಳೆ.

“ಆಕಿ ಸತ್ತಿಲ್ಲ!” ಎಂದು ಕೂಗಿದ. ಹುಕ್ಕೇರಿಯ ಕೂಸೂ ಎದ್ದಿರಬೇಕು. “ಆಕಿ ಮುಂಬೈದಾಗ ಆರಾಮ ಅದಾಳ! ಗೋಕಾಕ ಕಡೆ ಬಂದೇ ಇಲ್ಲ!”

ರಾಯಪ್ಪ ಅವನತ್ತ ತಿರುಗಿದ: “ಏನ ಹೇಳ್ತಿ ತಮ್ಮಾ! ಆಕಿ ಸೆರಗು ಬಂಡಿಗಲ್ಲಿಗಿ ಸಿಕ್ಕಿದ್ದು ನಾ ನೋಡೇನಿ.”

“ಆ ಸೆರಗಿನ ಕಥಿ ನಾನ ನಿಮ್ಮೂರಾಗ ಹೇಳಿದ್ದು, ಕಾಕಾ!”

“ಇಂವಾ ಎಂದರ ಖರೇ ಹೇಳ್ಯಾನೇನ್ರೋ?” ಯಾರೋ ಕೂಗಿದರು. ಟೆಂಟು ನಕ್ಕಿತು. ಆ ನಗು ಬರಬರುತ್ತ ಹುಳಿಯಾಯಿತು. ಚಪ್ಪಲಿಯೊಂದು ಹಾರಿ ಬಂದು ಅವನ ಹಣೆಗೆ ಬಡಿಯಿತು.

“ಸತ್ತಾಕಿನ್ನ ಆಡಿಕೋಬ್ಯಾಡ,” ದಾದಾಸಾಹೇಬ ಹಲ್ಲು ಕಚ್ಚಿ ಹೇಳಿದ. “ನಾಳಿಂದ ಗಾಡಿ ಏರಬ್ಯಾಡ.”

ತವನಪ್ಪ ಕೋಲೂರಿ ಎದ್ದ. “ಸುಂದರಾ, ನಡಿ.”

ಪರದೆಯ ಆಚೆಯಿಂದ ದನಿ ಬಂತು. ಚಿತೆಯ ದಿನದ್ದೇ ದನಿ.

“ಗಾಡಿಯವರ, ಆಕಿ ಬದುಕ್ಯಾಳಂತ ಅಂದ್ರಿ. ಖರೇನು?”

“ಖರೇ ರಿ.”

“ಹೆಂಗ ನಂಬಲಿ?”

ಹಣೆಯ ರಕ್ತ ಕಣ್ಣಿಗಿಳಿದಿತ್ತು. ಒಂದು ಹುಲಿಯನ್ನು ಏಳು ಮಾಡುವವನಿಗೆ ಒಂದೇ ಒಂದು ಅಲಂಕಾರವೂ ಹೊಳೆಯಲಿಲ್ಲ. “ನಂಬಾಕ ಏನೂ ಇಲ್ರಿ. ನಿಮ್ಮ ಮ್ಯಾಲೆ ನನ್ನ ಜೀವ ಐತಿ. ಅದು ಖರೇ ಇದ್ರ, ಇದೂ ಖರೇ.”

ಗಾಳಿ ನಿಂತಿತು. ಫಾಲ್ಸಿನ ಗುಡುಗು ಮಾತ್ರ ನೆಲದೊಳಗಿಂದ ಬರುತ್ತಿತ್ತು.

“ನಾ ಹೇಳಿದ್ದು ಸತ್ತಾಕಿ ಗೆಲ್ತಾಳಂತ,” ಎಂದಳು ಸುಂದರಾಬಾಯಿ, ಎಲ್ಲರಿಗೂ ಕೇಳುವಂತೆ. “ಗೆದ್ದಾಕಿ ಬದುಕ್ಯಾಳ. ನಾ ಪಂಥಾ ಸೋತೆ. ಹಗ್ಗ ಬಿಡ್ರಿ.”

ಹಾಡಹಗಲು. ಉದ್ದಪ್ಪ ಹಗ್ಗ ಬಿಟ್ಟ.

ಪರದೆ ದೊಪ್ಪನೆ ಬಿತ್ತು. ಹೆಂಗಸರು ಸೆರಗೆಳೆದುಕೊಂಡರು. ಅವಳೊಬ್ಬಳೇ ಎದ್ದು ನಿಂತಿದ್ದಳು. ಚಿತೆಯದಲ್ಲ, ಮಿಂಚಿನದಲ್ಲ, ಮೋಡದ ಸಾದಾ ಬೂದು ಬೆಳಕು ಅವಳ ಮುಖದ ಮೇಲಿತ್ತು. ಗಲ್ಲದ ಮೇಲೊಂದು ಸಣ್ಣ ಮಚ್ಚೆ ಇದ್ದದ್ದು ಅವನಿಗೆ ಇಷ್ಟು ದಿನ ಗೊತ್ತೇ ಇರಲಿಲ್ಲ.

ಬಿದ್ದ ಪರದೆಯನ್ನು ದಾಟಿ ಬಂದಳು. ಸೆರಗಿನ ತುದಿಯಿಂದ ಅವನ ಹಣೆ ಒತ್ತಿ ಹಿಡಿದಳು. ಹಿಂದೆ ಗಂಡಸರು ಒಬ್ಬೊಬ್ಬರಾಗಿ ಏಳುತ್ತಿದ್ದರು. ತವನಪ್ಪನ ಕೋಲು ನೆಲ ಬಿಟ್ಟು ಮೇಲೇರಿತ್ತು. ಟೆಂಟಿನ ಮೇಲೆ ಮಳೆಯ ಮೊದಲ ದಪ್ಪ ಹನಿಗಳು ಬಿದ್ದವು.

“ಮುಂದ ಏನಾಗತೈತಿ, ಸುಂದರಾ?” ಎಂದು ಕೇಳಿದ ಉದ್ದಪ್ಪ, ಅವಳೊಬ್ಬಳಿಗೇ ಕೇಳುವಷ್ಟು ಸಣ್ಣಗೆ.

ಅವಳು ಅವನ ಕಣ್ಣೊಳಗೆ ನೋಡಿದಳು. ನಕ್ಕಳು.

“ನನಗ ಗೊತ್ತಿಲ್ಲ,” ಎಂದಳು.