ಕೆಂಗಲ್ ಸ್ಟೇಷನ್ನಿಗೆ ಹೋದ ನಾಲ್ಕು ಎಕರೆ

"ಏನ್ರೀ, ಅಡ್ಡ ನಿಂತ್ಕೊಂಡ್ರಲ್ಲ! ಬಸ್ ಹೋಗ್ಬುಡ್ತು ನೋಡಿ!"

ಕೆಂಗಲ್ ಬಸ್ ಸ್ಟಾಪಿನಲ್ಲಿ ಲತಾಮಣಿ ಸಿಡಿದಳು. ಬಿಡದಿಯ ಫ್ಯಾಕ್ಟರಿಯಲ್ಲಿ ಅವಳದು ಬೆಳಗಿನ ಶಿಫ್ಟು.

"ಒಂದೇ ಪ್ರಶ್ನೆ ಕಣ್ರೀ... ಇಲ್ಲಿಂದ ಬೆಂಗಳೂರಿಗೆ ಹತ್ತು ನಿಮಿಷಕ್ಕೊಂದು ಸಿಟಿ ರೈಲು ಬಂದ್ರೆ, ಬಸ್ ಚಾರ್ಜಿನ ಎರಡರಷ್ಟು ಕೊಟ್ಟು ಹತ್ತುತೀರಾ?" ಕೈಯಲ್ಲಿ ಫಾರಂ ಹಿಡಿದ ಯುವಕ ತೊದಲಿದ.

"ಎರಡರಷ್ಟಾ? ನಡ್ಕೊಂಡೇ ಹೋಯ್ತೀನಿ!"

ಅವನು ಅದನ್ನೇ ಬರೆದುಕೊಂಡ. ಅವಳಿಗೆ ನಗು ತಡೆಯಲಾಗಲಿಲ್ಲ.

ಅವನು ಉಯ್ಯಂಬಳ್ಳಿಯ ಮುತ್ತುರಾಜು. ಸರ್ಕಾರ ಜಮೀನು ಕೊಟ್ಟು, ಖಾಸಗಿ ಕಂಪನಿ ಬಂಡವಾಳ ಹಾಕಿ, ಮೂವತ್ತು ವರ್ಷ ಟಿಕೆಟ್ಟಿನಲ್ಲಿ ಅದನ್ನು ವಾಪಸು ಪಡೆಯುವ ರೈಲು ಯೋಜನೆಗೆ ಕಂಪನಿ ಪರವಾಗಿ ಸರ್ವೆ ಮಾಡುತ್ತಿದ್ದ. ದಿನಾ ಅದೇ ಸ್ಟಾಪು, ಅದೇ ಹೊತ್ತು... ಯಾವಾಗ ಮನಸ್ಸು ಕೊಟ್ಟಳೋ ಲತಾಮಣಿಗೇ ತಿಳಿಯಲಿಲ್ಲ.

ಅವಳ ಅಪ್ಪ ರಾಮಲಿಂಗಯ್ಯ ಅವನನ್ನು ಮನೆಗೇ ಕರೆದು ಮುದ್ದೆ ಬಡಿಸಿದರು. "ಜನಕ್ಕೆ ಒಳ್ಳೇದಾಗೋದಾದ್ರೆ ಸ್ಟೇಷನ್‌ಗೆ ಜಮೀನಿನ ಮೂಲೇಲಿ ಒಸಿ ಜಾಗ ಬುಟ್ಕೊಡ್ತೀನಿ ಕಣಪ್ಪ."

ಮುತ್ತುರಾಜು ತಲೆ ಎತ್ತದೆ ಉಂಡ.

ವಾರ ಕಳೆಯುವುದರೊಳಗೆ ನೋಟೀಸು ಬಂತು. ನಾಲ್ಕು ಎಕರೆ! ಇದ್ದದ್ದೇ ಅಷ್ಟು!

ಲತಾಮಣಿ ರಾಮನಗರದ ಅವನ ಆಫೀಸಿಗೆ ಓಡಿದಳು. "ಸ್ಟೇಷನ್‌ಗೆ ಅಪ್ಪ ಕೊಡ್ತೀನಿ ಅಂದಿದ್ದು ಬರೀ ಮೂಲೆ ಅಲ್ವಾ?"

"ಬರೀ ಟಿಕೆಟ್ಟಲ್ಲಿ ಬಂಡವಾಳ ಹುಟ್ಟಲ್ಲ ಅಂತ ಸರ್ವೇಲೇ ಗೊತ್ತಾಯ್ತು. ಸುತ್ತ ಅಂಗಡಿ, ಫ್ಲ್ಯಾಟು ಕಟ್ಕೊಳ್ಳೋಕೆ ಜಮೀನು ಕೊಟ್ರೇನೇ ಬತ್ತೀವಿ ಅಂದ್ರು ಕಂಪನಿಯೋರು..."

"ಯಾವಾಗ?"

"ಎರಡು ತಿಂಗ್ಳಾಯ್ತು."

"ನಮ್ಮನೇಲಿ ಉಣ್ಣೋವಾಗ್ಲೂ ಗೊತ್ತಿತ್ತಾ?"

"ಗೊತ್ತಿತ್ತು."

"ನಮ್ಮ ಜಮೀನು ತೋರ್ಸಿಕೊಟ್ಟೋನೂ ನೀನೇ! ಇನ್ಮೇಲೆ ಮುಖ ತೋರಿಸ್ಬೇಡ!"

ಸರ್ಕಾರದವರು ಬಂದು ಹೊಲದ ಹಿಪ್ಪುನೇರಳೆ ಕಿತ್ತರು, ತಂತಿ ಬೇಲಿ ಹಾಕಿದರು. ಮರುವರ್ಷ ಕಂಪನಿ, ಲಾಭ ಸಾಲದೆಂದು ಕೈ ತೊಳೆದುಕೊಂಡಿತು. ರೈಲು ಬರಲಿಲ್ಲ. ಜಮೀನೂ ಬರಲಿಲ್ಲ! ಪಹಣಿಯಲ್ಲಿ ಸರ್ಕಾರದ ಹೆಸರು ಹಾಗೇ ಉಳಿಯಿತು.

ಅದನ್ನು ಬಿಡಿಸಲು ಲತಾಮಣಿ ತಾಲ್ಲೂಕು ಕಚೇರಿಗೆ ಅಲೆಯುತ್ತಿದ್ದಾಗ ಪಕ್ಕದ ಹೊಲದ ಗಂಗಹನುಮಯ್ಯ ಹೇಳಿದರು: "ಫೈಲಲ್ಲಿ ಆ ಹುಡುಗನ ಕಾಗ್ದ ಐತೆ ಕಣವ್ವ. ರೈತರ ಜಮೀನು ಬ್ಯಾಡ, ಸರ್ಕಾರಿ ಗೋಮಾಳ ಸಾಕು ಅಂತ ಬರ್ದವ್ನೆ. ಅದ್ಕೇ ಕೆಲ್ಸದಿಂದ ತಗುದ್ರಂತೆ."

ಲತಾಮಣಿ ಕಚೇರಿಯ ಮೆಟ್ಟಿಲ ಮೇಲೇ ಕುಳಿತಳು. *ಅಯ್ಯೋ, ಏನಂದುಬಿಟ್ಟೆ ನಾನು...*

ಮರುದಿನವೇ ಉಯ್ಯಂಬಳ್ಳಿಯ ಬಸ್ಸು ಹತ್ತಿದಳು. ಮುತ್ತುರಾಜು ಊರಾಚೆ ಕುರಿ ಕಾಯುತ್ತಿದ್ದ.

"ನನ್ಗ್ಯಾಕೆ ಹೇಳ್ಲಿಲ್ಲ?"

"ಬರೆದು ತಪ್ಪಿಸ್ಬೌದು ಅನ್ಕೊಂಡೆ. ಹೇಳಿದ್ರೆ ನಿನ್ನ ಕಳ್ಕೋತೀನಿ ಅಂತ ಭಯ. ಜಮೀನೂ ಹೋಯ್ತು, ನೀನೂ ದೂರ ಆದೆ."

"ಮುಚ್ಚಿಟ್ಟಿದ್ನ ಕ್ಷಮಿಸಿಲ್ಲ ನಾನು."

"ಗೊತ್ತು."

"ಆದ್ರೂ... ನಿಮ್ಮನ್ನ ಬುಟ್ಟು ಇರೋಕೆ ಆಯ್ತಿಲ್ಲ ನನ್ಗೆ!" ಅವಳ ದನಿ ಒಡೆಯಿತು.

ಅವನ ಕಣ್ಣು ತುಂಬಿ ಬಂತು. "ನನ್ಗೂ ಅಷ್ಟೇ ಕಣೆ. ನಿಮ್ಮಪ್ಪನ ಮುಂದೆ ನಾನೇ ಬಂದು ಎಲ್ಲಾ ಒಪ್ಕೋತೀನಿ. ಹೊಡುದ್ರೂ ಹೊಡೀಲಿ."

"ಹೊಡೀತಾರೆ."

"ನೀನು ತಡೀತೀಯಾ?"

"ಇಲ್ಲ." ಲತಾಮಣಿ ಅವನ ಒರಟು ಕೈಯನ್ನು ಹಿಡಿದುಕೊಂಡಳು. "ಪಕ್ಕದಲ್ಲಿ ನಿಂತಿರ್ತೀನಿ."